ಹೆಗಲ ವಲ್ಲಿಯ ಕೆಳಗೆ

ಕೈಗಳ ಮೇಲೆ ಮುಚ್ಚಿದ್ದ ಹೆಗಲವಸ್ತ್ರವನ್ನು, ಆ ವಲ್ಲಿಯನ್ನು, ನಜ್ಮಾ ಎತ್ತಿಯೇಬಿಟ್ಟಳು.

ಕಮಲಾಪುರದ ಬಾಳೆಮಂಡಿಯೆಲ್ಲ ಗಕ್ಕನೆ ಇತ್ತ ತಿರುಗಿತು. ವಲ್ಲಿಯ ಕೆಳಗೆ ಎರಡು ಕೈಗಳು ಬೆರಳಿಗೆ ಬೆರಳು ಹಿಡಿದು ಹಾಗೇ ಬಯಲಾಗಿದ್ದವು. ಒಂದು ಮುದುಕ ವ್ಯಾಪಾರಿ ಚಾಂದಪಾಶಾನದು, ಇನ್ನೊಂದು ದಲ್ಲಾಳಿ ಮಕ್ಸೂದನದು.

"ಮೇಡಂ, ಏನ್ ಮಾಡಿದ್ರಿ ಇದು?" ಮಕ್ಸೂದನ ಕಣ್ಣಲ್ಲಿ ಸಿಟ್ಟಿಗಿಂತ ಬೆರಗೇ ಹೆಚ್ಚಿತ್ತು...

"ಒಳಗ ಏನ್ ನಡದದ ನೋಡ್ಬೇಕಿತ್ರಿ."

"ನೋಡಿದಿ, ಸೌದಾ ಮುರೀತು," ಚಾಂದಪಾಶಾ ಕೈ ಕೊಡವಿಕೊಂಡ. "ನಾಳೆ ನಮ್ಮ ಮನಿ ಪರದಾನೂ ಎತ್ತತೀ ಏನವ್ವಾ?"

ಕೆಂಬಾಳೆ ಗೊನೆಯ ಬೆಲೆಯನ್ನು ಅಲ್ಲಿ ಬಾಯಿಂದ ಹೇಳುವ ರೂಢಿಯಿಲ್ಲ. ಹೆಗಲ ಮೇಲಿನ ವಲ್ಲಿ ಮುಚ್ಚಿ, ಬೆಲೆಗೆ ತಕ್ಕಷ್ಟು ಬೆರಳು ಹಿಡಿದು ಹೇಳಬೇಕು. ಒಪ್ಪಿಗೆಯಾದರೆ ಅಂಗೈ ಒತ್ತಬೇಕು. ಇಲ್ಲವಾದರೆ ಕೈ ಬಿಟ್ಟರಾಯಿತು.

ಕಲಬುರಗಿಯಲ್ಲಿ ಸಾರ್ವಜನಿಕ ನೀತಿ ಓದುತ್ತಿದ್ದ ನಜ್ಮಾಗೆ ಇದು ಮೋಸವೆಂದೇ ಅನಿಸಿತ್ತು. ಅದೇ ಊರಿನ ಗಾಜಿಪುರ ಓಣಿಯ ಮನೆಯಲ್ಲಿ ಅಜ್ಜಿ, ಅವಳ ನಾನಿ, ಹೇಳಿದ ಕಥೆಗಳಲ್ಲಿ ಮುಚ್ಚಿಟ್ಟಲ್ಲೆಲ್ಲ ಒಂದು ಮಾಯಾವಿ ಜಿನ್ ಇರುತ್ತಿತ್ತು. ಮುಚ್ಚಳ ತೆಗೆದವಳೇ ಶಹಜಾದಿ, ರಾಜಕುಮಾರಿ.

ಮಂಡಿಯ ಬಗ್ಗೆ ಬರೆಯುತ್ತಿದ್ದ ಪ್ರಬಂಧದ ನೆಪದಲ್ಲಿ ಅವಳು ಮತ್ತೆ ಮತ್ತೆ ಬಂದಳು. ಬಿಸಿಲು, ಧೂಳು, ನಿಂತೇ ಬರಬೇಕಾದ ಬಸ್ಸು. ದಣಿವು ಮೂಳೆಗಿಳಿಯುತ್ತಿತ್ತು. ಆದರೂ ಮಕ್ಸೂದ್ ತರಿಸುವ ಚಹಾ, ಚಹಾದ ಜೊತೆಗಿನ ಜಗಳ...

"ಊರಾಗ ಎಸ್‌ಟಿಡಿ ಫೋನು ಬಂದದ, ಮೈಕ್ ಸಿಗ್ತದ. ಹೈದರಾಬಾದಿನ ರೇಟು ಮುಂಜಾನೆ ಎಲ್ಲಾರಿಗೂ ಕೂಗಿ ಹೇಳ್ರಿ. ಯಾರ ಮಾಲು ಎಷ್ಟಕ್ಕ ಹೋಯ್ತು, ಅದನ್ನೂ ಕೂಗ್ರಿ. ಬಡವ್ರಿಗೆ ಬೆಲೆ ಗೊತ್ತಾಗದಂಗ ಇಡೋದೇ ದೊಡ್ಡ ಅನ್ಯಾಯ," ಎನ್ನುತ್ತಿದ್ದಳು ನಜ್ಮಾ.

"ಯಂತ್ರ ತಂದ್ರ ನ್ಯಾಯ ಬರ್ತದೇನ್ರಿ?"

"ತಾನಾಗೇ ಬರಂಗಿಲ್ಲ. ತರೋರು ಬೇಕು."

ಅವನು ನಕ್ಕ. ಮುಂದಿನ ವಾರ ಅವನ ಅಂಗಡಿಯ ಮೇಲೆ ಮೈಕ್ ಕೂತಿತ್ತು!

'ನನ್ನ ಮಾತಿಗಾ...' ವಾಪಸ್ ಬಸ್ಸಿನಲ್ಲಿ ಅವಳಿಗೆ ಆಯಾಸವೇ ಗೊತ್ತಾಗಲಿಲ್ಲ.

ಪರೀಕ್ಷೆ ಮುಗಿಸಿ ಅವಳು ಮತ್ತೆ ಬಂದಾಗ ಮೈಕ್ ರೇಟು ಕೂಗುತ್ತಲೇ ಇತ್ತು. ಅಂಗಡಿಯ ಹಿಂದೆ ಮಾತ್ರ ಮಕ್ಸೂದ್ ವಲ್ಲಿ ಮುಚ್ಚಿ, ಮುದುಕಿ ಮೆಹಬೂಬಿಯ ಬೆರಳು ಹಿಡಿದಿದ್ದ. ಹಿತ್ತಲಲ್ಲಿ ನಾಲ್ಕು ಬಾಳೆ ಬೆಳೆದು ಬದುಕುವ ವಿಧವೆ ಆಕೆ.

"ನೀವೂ ಉಳಿದ ದಲ್ಲಾಳಿಗಳಂಗೇ," ನಜ್ಮಾ ಮೈಕಿನತ್ತ ಬೆರಳು ತೋರಿಸಿದಳು. "ಮುಂದ ಮೈಕ್, ಹಿಂದ ವಲ್ಲಿ."

"ನಜ್ಮಾ, ಒಂದು ಮಾತು..." ಎಂದವನು ಮೆಹಬೂಬಿಯತ್ತ ನೋಡಿ ಬಾಯಿ ಮುಚ್ಚಿದ.

"ಸಾಕಾಗ್ಯದ್ರಿ ನನಗ."

ಆಮೇಲೆ ಅವಳು ಕಮಲಾಪುರದ ಬಸ್ಸು ಹತ್ತಲಿಲ್ಲ. ಬರೆಯಲು ಕೂತರೆ ಪೆನ್ನೂ ಭಾರವಾಗುತ್ತಿತ್ತು. ನಾನಿ ಕಥೆ ತೆಗೆದರೂ ಬೇಡವೆನ್ನುತ್ತಿದ್ದಳು.

ಒಂದು ಮಧ್ಯಾಹ್ನ ಕಲಬುರಗಿಯ ಜಗತ್ ಸರ್ಕಲ್ಲಿನಲ್ಲಿ ಬಾಳೆಯ ಬುಟ್ಟಿ ಇಟ್ಟುಕೊಂಡು ಕೂತಿದ್ದ ಮೆಹಬೂಬಿ ಅವಳ ಸೆರಗು ಜಗ್ಗಿದಳು.

"ನಿನ್ನ ಮೈಕ್ ಛಲೋ ಅದ ಬೇಟಿ, ರೇಟು ಗೊತ್ತಾತು. ಆದ್ರ ನನಗ ಎಷ್ಟು ಬಂತು ಅನ್ನೋದೂ ಊರಿಗೆಲ್ಲ ಕೇಳ್ತು. ಹೊತ್ತು ಮುಳುಗೋದ್ರಾಗ ಕುಡುಕ ಅಳಿಯ ಬಂದು ಎಲ್ಲಾ ಕಸಕೊಂಡು ಹೋದ. ವಲ್ಲಿ ಹಾಕಪ್ಪ ಅಂತ ನಾನೇ ಮಕ್ಸೂದ್‌ಗ ಕೈಮುಗಿದೆ. ಯಾರಿಗೂ ಹೇಳಂಗಿಲ್ಲ ಅಂತ ಆಣಿ ಹಾಕಿಸ್ಕೊಂಡಿದ್ದೆ."

"ಮತ್ತ ನನಗ್ಯಾಕ ಹೇಳಿದ್ರಿ?"

"ಈಗ್ಲೂ ದಿನಾ ಎರಡು ಚಹಾ ತರಸ್ತಾನವ್ವಾ ಅಂವ. ನಿನ್ನದು ಹಂಗೇ ಆರಿ ಹೋಗ್ತದ. ನೋಡ್ಲಿಕ್ಕಾಗಂಗಿಲ್ಲ."

ಮರುದಿನ ಮಂಡಿಯಲ್ಲಿ ಮಕ್ಸೂದ್ ಖಾಲಿ ಕಟ್ಟೆಯ ಮೇಲೆ ಒರಗಿದ್ದ. ಪಕ್ಕದಲ್ಲಿ ಆರಿದ ಚಹಾ. ನಜ್ಮಾ ಅದನ್ನೇ ಎತ್ತಿ ಕುಡಿದಳು.

"ಯಾಕ ಹೇಳಲಿಲ್ಲ?"

"ಅದು ನನ್ನ ಮಾತಲ್ಲಲ್ರಿ, ನಿಮಗ ಹೇಳಾಕ."

"ರೇಟು ಎಲ್ಲಾರ್ದು. ಯಾರಿಗೆ ಎಷ್ಟು ಬಂತು, ಅದು ಅವರವರ್ದು. ನಾ ಎರಡನ್ನೂ ಒಂದೇ ಅಂದಕೊಂಡಿದ್ದೆ. ಪ್ರಬಂಧ ಎಲ್ಲಾ ಮತ್ತ ಬರೀಬೇಕು."

"ಭಾಳ ದಣಿದೀರಿ."

"ನೀವೂನೂ..." ಅವಳು ಕೈ ಚಾಚಿದಳು. "ಆ ವಲ್ಲಿ ಕೊಡ್ರಿ ಇಲ್ಲಿ."

ತಾನೇ ಹಿಂದೊಮ್ಮೆ ಎತ್ತಿದ ವಲ್ಲಿಯನ್ನು ತಾನೇ ಮುಚ್ಚಿದಳು. ಅದರ ಕೆಳಗೆ ಜಿನ್ ಇರಲಿಲ್ಲ. ಬಾಳೆಯ ಕರೆ ಹತ್ತಿದ ಕೈಯೊಂದಿತ್ತು.

"ಒಮ್ಮೆ ಒತ್ತಿದ್ರ ಹಿಂದ ಸರಿಯಾಕ ಬರಂಗಿಲ್ಲ, ನೋಡ್ರಿ," ಅವನು ಮೆಲ್ಲಗೆ ಹೇಳಿದ.

ನಜ್ಮಾ ಅವನ ಅಂಗೈ ಒತ್ತಿದಳು.

ಆಚೆ ಗೊನೆ ಇಳಿಸುತ್ತಿದ್ದ ಚಾಂದಪಾಶಾ ಕತ್ತು ಉದ್ದ ಮಾಡಿದ. "ಏನವ್ವಾ, ಎಷ್ಟಕ್ಕ ಮುಗೀತು ಸೌದಾ? ಮೈಕ್‌ನ್ಯಾಗ ಕೂಗ್ಲೇನು?"

"ಹೇಳಂಗಿಲ್ರಿ, ಚಾಚಾ," ಎಂದಳು ನಜ್ಮಾ, ಕೈ ಬಿಡದೆ.