ಉಜ್ಜನಪ್ಪನವರ ಕೊನೆಯ ಪೊಟ್ಟಣ

"ಕೈ ಹಿಂದೆ ತಗೊಳ್ಳಿ!"

ವೇದಿಕೆಯ ಮೆಟ್ಟಿಲ ಪಕ್ಕದಲ್ಲೇ ಮೈಕು ಇದ್ದದ್ದು ಸ್ಪಂದನಾಗೆ ನೆನಪಿರಲಿಲ್ಲ. ಮಾತು ಇಡೀ ಹಾಲಿಗೆ ಕೇಳಿಸಿತು.

ಎದುರಿಗೆ ನಿಂತಿದ್ದವನು ಎತ್ತರದ ಯುವಕ. ಇಸ್ತ್ರಿ ಮಾಡಿದ ಬಿಳಿ ಷರ್ಟು ಹಾಕಿದ್ದ, ಆದರೆ ಉಗುರಿನ ಸಂದಿಯಲ್ಲೆಲ್ಲ ಕಪ್ಪು ಗ್ರೀಸು. ಅವಳತ್ತ ಚಾಚಿದ್ದ ಅಂಗೈಯಲ್ಲಿ ಎಣ್ಣೆ ಹೀರಿ ಕಂದು ತಿರುಗಿದ ಒಂದು ಕಾಗದದ ಪೊಟ್ಟಣ. ಅದರ ಅಂಚಿನಲ್ಲಿ ಅಚ್ಚಾಗಿದ್ದ ಮೂರು ಪದಗಳು ಅವಳ ಕಣ್ಣಿಗೆ ಬಿದ್ದವು. 'ಗಾಲಿ ನಿಂತ ಮೇಲೆ'.

ಅಪ್ಪನ ಪುಸ್ತಕ! ಅಪ್ಪನ ಪುಸ್ತಕ ಹರಿದು ಕಡ್ಲೆಪುರಿಯ ಹಾಗೆ ಪೊಟ್ಟಣ ಕಟ್ಟಿಕೊಂಡು ಬಂದಿದ್ದಾನೆ...

"ಒಂದ್ನಿಮಿಷ ಕೇಳಿ. ಇದನ್ನ ನಿಮಗೇ ಕೊಡ್ಬೇಕು ಅಂತ..."

ಅವನು ಮುಗಿಸುವ ಮೊದಲೇ ಅವಳು ಆ ಕೈಯನ್ನು ತಳ್ಳಿದಳು. ಪೊಟ್ಟಣ ಬಿಚ್ಚಿಹೋಯಿತು. ಒಳಗಿದ್ದ ಬೋಲ್ಟೊಂದು ಟಣಟಣ ಸದ್ದು ಮಾಡುತ್ತ ಕುರ್ಚಿಗಳ ಕೆಳಗೆ ಉರುಳಿತು. ಕಾಗದ ಅಲ್ಲೇ ಬಿತ್ತು. ಅದರ ಮೇಲೇ ಕಾಲಿಟ್ಟು ಅವಳು ವೇದಿಕೆ ಹತ್ತಿದಳು.

ಅಂದು ಅವಳ ಅಪ್ಪ ಉಜ್ಜನಪ್ಪನವರು ತೀರಿಕೊಂಡು ಒಂದು ವರ್ಷ. ಭದ್ರಾವತಿಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು, ಒಂದೇ ಒಂದು ಪುಸ್ತಕ ಬರೆದವರು. ಹಳೆಯ ಮೋಟಾರ್ ಸೈಕಲ್ ಬಿಚ್ಚುತ್ತ, ಜೋಡಿಸುತ್ತ, ಭಾನುವಾರಗಳಲ್ಲಿ ಓಡಿಸುತ್ತ, ಬದುಕು ಎಂದರೇನು ಎಂದು ಯೋಚಿಸಿದ್ದನ್ನೆಲ್ಲ ಅದರಲ್ಲಿ ಬರೆದಿದ್ದರು. ಅವರಿದ್ದಾಗ ಆ ಪುಸ್ತಕವನ್ನು ಮೂಸಿ ನೋಡಿದವರಿರಲಿಲ್ಲ. ಸತ್ತ ಮೇಲೆ ಯಾರೋ ಒಂದು ಪುಟದ ಫೋಟೊ ತೆಗೆದು ಮೊಬೈಲಿನಲ್ಲಿ ಹಂಚಿದರು ನೋಡಿ, ಊರಿಗೆಲ್ಲ ಉಜ್ಜನಪ್ಪನವರು ಆಪ್ತರಾಗಿಬಿಟ್ಟರು.

ವೇದಿಕೆಯ ಮೇಲೆ ಅಂಥ ಆಪ್ತರೇ ತುಂಬಿದ್ದರು. ಅಪ್ಪನ ಫೋಟೊ ಹಿಂದೆ ಸರಿದು, ಸ್ಮರಣೆ ಏರ್ಪಡಿಸಿದ್ದ ಸಮಿತಿಯ ಅಧ್ಯಕ್ಷ ಪ್ರಸನ್ನಕುಮಾರರ ಫೋಟೊ ಬ್ಯಾನರಿನಲ್ಲಿ ಮುಂದೆ ಬಂದಿತ್ತು. ಹೊರಗೆ ಬೈಕ್ ಕ್ಲಬ್ಬಿನವರು ಶ್ರದ್ಧಾಂಜಲಿ ಎಂದುಕೊಂಡು ಸೈಲೆನ್ಸರ್ ಹರಿದುಹೋಗುವ ಹಾಗೆ ಆಕ್ಸಿಲರೇಟರ್ ತಿರುಗಿಸುತ್ತಿದ್ದರು. ಹೊಗೆ ಒಳಕ್ಕೆ ಬಂದು ಮುಂದಿನ ಸಾಲಿನ ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡರು.

ಹಿಮಾಲಯದ ತಪ್ಪಲಿನಲ್ಲಿ ಬೈಕು ಓಡಿಸುತ್ತ ಉಜ್ಜನಪ್ಪನವರು ಕಂಡ ಸತ್ಯದ ಬಗ್ಗೆ ಪ್ರಸನ್ನಕುಮಾರರು ಇಪ್ಪತ್ತು ನಿಮಿಷ ಮಾತಾಡಿದರು. ಆಮೇಲೆ ಆ ಬೈಕನ್ನು ಸಿಮೆಂಟಿನ ಕಟ್ಟೆಯ ಮೇಲೆ ಸ್ಮಾರಕವಾಗಿ ನಿಲ್ಲಿಸುವುದಾಗಿ ಘೋಷಿಸಿದರು. ಬಂಗಾರದ ಬಣ್ಣ ಬಳಿಸುತ್ತಾರಂತೆ.

ಥೂ... ಒಬ್ಬರಾದರೂ ಪುಸ್ತಕ ಓದಿದ್ದಾರಾ?

ಸ್ಪಂದನಾ ಮನಸ್ಸಿನಲ್ಲೇ ಬೈದುಕೊಂಡಳು. ಆದರೂ ಮೈಕು ಕೈಗೆ ಬಂದಾಗ ಅವಳೂ ನಕ್ಕಳು. "ಅಪ್ಪ ದೇಶವನ್ನೆಲ್ಲ ಸುತ್ತಿದರು" ಎಂದಳು. ಬೈಕು ಕೊಡಲು ಒಪ್ಪಿಗೆ ಪತ್ರಕ್ಕೆ ಸಹಿಯನ್ನೂ ಹಾಕಿದಳು.

ಓದುಗರೇ, ನಿಮ್ಮ ಹತ್ತಿರ ಮುಚ್ಚಿಡುವುದೇನು? ಆ ಹಾಲಿನಲ್ಲಿ ಪುಸ್ತಕ ಓದದವರ ಪೈಕಿ ಮೊದಲನೆಯವಳು ನಮ್ಮ ನಾಯಕಿಯೇ.

ಅವಳು ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದ ಚೆಕ್-ಇನ್ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದಳು. ಕಲೆಯಿಲ್ಲದ ಸಮವಸ್ತ್ರ, ಮಟ್ಟಸ ಕತ್ತರಿಸಿದ ಉಗುರು. ಗ್ರೀಸಿನ ವಾಸನೆ ಅವಳಿಗೆ ಆಗುತ್ತಿರಲಿಲ್ಲ. ಭದ್ರಾವತಿಯ ನ್ಯೂ ಟೌನಿನ ಸ್ಕೂಲಿನ ಗೇಟಿನಲ್ಲಿ ಗೆಳತಿಯೊಬ್ಬಳು ಅಪ್ಪನ ಕೈ ನೋಡಿ ಮೂಗು ಮುಚ್ಚಿಕೊಂಡದ್ದು ಎಂಟನೇ ಕ್ಲಾಸಿನಲ್ಲಿ. ಅಂದಿನಿಂದ ಅವಳು ಅಪ್ಪನ ಬೈಕು ಹತ್ತಲಿಲ್ಲ. ನಾನು ನಡ್ಕೊಂಡೇ ಬರ್ತೀನಿ ಎಂದಳು. ಅಪ್ಪ ಏಕೆ ಎಂದು ಕೇಳಲಿಲ್ಲ. ಪುಸ್ತಕ ಬಂದಾಗ ಮೊದಲ ಪ್ರತಿ ಅವಳಿಗೇ ಕೊಟ್ಟಿದ್ದರು. ಎರಡನೇ ಪುಟದಲ್ಲೇ ಕಾರ್ಬುರೇಟರಿನ ಮಾತು ಬಂತು, ಮುಚ್ಚಿಟ್ಟಳು.

ಮರುವಾರ ಅವಳು ಬೈಕು ತರಲು ನ್ಯೂ ಟೌನಿಗೆ ಹೋದಳು. ನಿವೃತ್ತಿಯಾದ ಮೇಲೆ ಅಪ್ಪ ಅದನ್ನು ಜ್ಞಾನೇಶ್ ಎಂಬವನ ಗ್ಯಾರೇಜಿನಲ್ಲಿ ಇಟ್ಟಿದ್ದರೆಂದು ಅಮ್ಮ ಶಾಂತಮ್ಮ ಹೇಳಿದ್ದಳು. ಬಾಗಿಲಲ್ಲಿ ಎದುರಾದವನನ್ನು ನೋಡಿ ಅವಳ ಮುಖ ಗಂಟಿಕ್ಕಿತು. ಅದೇ ಎತ್ತರ, ಅದೇ ಕಪ್ಪು ಉಗುರು.

ಇವನೇನಾ!

ಒಳಗೆ ಬೈಕು ಇರಲಿಲ್ಲ. ಬರೀ ಚೌಕಟ್ಟು ನಿಂತಿತ್ತು. ಗೋಡೆಯುದ್ದದ ಹಲಗೆಯ ಮೇಲೆ ನೂರಕ್ಕೂ ಹೆಚ್ಚು ಪೊಟ್ಟಣಗಳು ಸಾಲಾಗಿ ಕೂತಿದ್ದವು. ಎಲ್ಲದರ ಮೇಲೂ ಅಪ್ಪನ ಪುಸ್ತಕದ ಅಕ್ಷರಗಳು. ಅವಳಿಗೆ ಮೈಮೇಲೆಲ್ಲ ಹುಳ ಹರಿದಾಡಿದಂತಾಯಿತು. ಸತ್ತವರ ಬೈಕು ಬಿಚ್ಚಿ ಬಿಡಿಭಾಗ ಮಾರುವುದಲ್ಲದೆ, ಪುಸ್ತಕವನ್ನೂ ರದ್ದಿ ಮಾಡಿದ್ದೀರಲ್ಲ, ನಾಚಿಕೆ ಆಗುವುದಿಲ್ಲವಾ ಎಂದು ಬಾಯಿಗೆ ಬಂದದ್ದನ್ನೆಲ್ಲ ಅಂದಳು.

ಜ್ಞಾನೇಶ್ ಎಲ್ಲ ತೆಗೆದುಕೊಂಡು ಹೋಗಿ ಎಂದ. ಆದರೆ ಇಂಜಿನ್ ತಾನು ಜೋಡಿಸಿಕೊಡುವುದಿಲ್ಲ ಎಂದೂ ಹೇಳಿದ.

ಅವಳು ಸಿಟ್ಟಿನಲ್ಲೇ ಪ್ರಸನ್ನಕುಮಾರರಿಗೆ ಫೋನ್ ಮಾಡಿದಳು. ಬೈಕು ಬಿಚ್ಚಿಹಾಕಿದ್ದಾರೆ, ಏನು ಮಾಡುವುದು ಎಂದು ಕೇಳಿದಳು. ಅತ್ತಲಿಂದ ನಗು ಕೇಳಿಸಿತು.

"ಇಂಜಿನ್ ಯಾಕಮ್ಮಾ? ಹೊರಗಿಂದ ಬೈಕಿನ ಥರ ಕಂಡ್ರೆ ಸಾಕು. ಬಣ್ಣ ಹೊಡೆದ ಮೇಲೆ ಒಳಗೇನಿದೆ ಅಂತ ಯಾರು ನೋಡ್ತಾರೆ? ಮುಂದಿನ ತಿಂಗಳು ಎರಡನೇ ಭಾನುವಾರ ಟೆಂಪೊ ಕಳಿಸ್ತೀನಿ."

ಫೋನ್ ಇಟ್ಟ ಮೇಲೂ ಆ ನಗು ಕಿವಿಯಲ್ಲೇ ಉಳಿಯಿತು. ಅವಳು ಹಲಗೆಗೆ ಒರಗಿದಳು. ಕೈಗೆ ಒಂದು ಪೊಟ್ಟಣ ತಾಗಿತು. ಎತ್ತಿ ನೋಡಿದಳು. ಅಚ್ಚಿನ ಸಾಲುಗಳ ಮಧ್ಯದ ಖಾಲಿ ಜಾಗದಲ್ಲಿ ಪೆನ್ಸಿಲಿನಲ್ಲಿ ಏನೋ ಬರೆದಿತ್ತು. 'ಕ್ಲಚ್ ಕವರ್, ಎಡಗಡೆ ಮೂರನೆಯದು. ಬಿಗಿ ಇತ್ತು, ಬೈದೆ. ಬೈಯಬಾರದಿತ್ತು.'

ಅದು ಅಪ್ಪನ ಕೈಬರಹ!

"ಇದು... ಅಪ್ಪ ಕಟ್ಟಿದ್ದಾ?"

"ಎಲ್ಲಾನೂ ಸಾರೇ ಕಟ್ಟಿದ್ದು" ಎಂದ ಜ್ಞಾನೇಶ್.

ಮಾರಾಟವಾಗದೆ ಉಳಿದ ಪ್ರತಿಗಳನ್ನು ಉಜ್ಜನಪ್ಪನವರೇ ಇಲ್ಲಿಗೆ ತಂದಿದ್ದರು. ಒಂದು ಪ್ರತಿಯ ಹೊಲಿಗೆ ಬಿಚ್ಚಿ, ಕ್ಲಚ್ಚಿನ ಭಾಗವನ್ನು ಕ್ಲಚ್ಚಿನ ಅಧ್ಯಾಯದಲ್ಲಿ, ಚೈನನ್ನು ಚೈನಿನ ಅಧ್ಯಾಯದಲ್ಲಿ ಸುತ್ತಿದ್ದರು. ಎಲ್ಲವನ್ನೂ ಬಿಚ್ಚಿ ಮುಗಿಸಿದ ದಿನ ಸಂಜೆ ಎದೆ ನೋವೆಂದವರು ಮತ್ತೆ ಬರಲಿಲ್ಲ. ಬಿಚ್ಚಿದ ಕೈಯೇ ಜೋಡಿಸಬೇಕು ಎನ್ನುವುದು ಅವರ ಪದ್ಧತಿ. ಯಾವ ಬೋಲ್ಟು ಎಷ್ಟು ಸತಾಯಿಸಿತ್ತು ಎಂದು ಆ ಕೈಗೆ ಮಾತ್ರ ಗೊತ್ತಿರುತ್ತದೆ ಎನ್ನುತ್ತಿದ್ದರು. ಅದಕ್ಕೇ ಜ್ಞಾನೇಶ್ ಒಂದು ಪೊಟ್ಟಣವನ್ನೂ ಬಿಚ್ಚಿರಲಿಲ್ಲ.

"ಆ ಕೈ ಈಗಿಲ್ಲ. ಉಳಿದಿರೋದು ನಿಮ್ಮ ಕೈ. ಮನಸ್ಸಿದ್ರೆ ಭಾನುವಾರ ಬನ್ನಿ" ಎಂದ.

ಬಸ್ಸಿನಲ್ಲಿ ಶಿವಮೊಗ್ಗಕ್ಕೆ ವಾಪಸಾಗುವಾಗ ಬೆರಳಿಗೆ ಅಂಟಿದ್ದ ಎಣ್ಣೆಯನ್ನು ಸ್ಪಂದನಾ ಮೂರು ಸಲ ಕರ್ಚೀಫಿಗೆ ಒರೆಸಿದಳು. ಹೋಗಲಿಲ್ಲ. ನಾಲ್ಕನೇ ಸಲ ಒರೆಸಲು ಅವಳಿಗೇ ಮನಸ್ಸಾಗಲಿಲ್ಲ.

ಭಾನುವಾರ ಹಳೆಯ ಚೂಡಿದಾರ ಹಾಕಿಕೊಂಡು ಹೋದಳು. ಮೊದಲ ದಿನವಂತೂ ಅವಳಿಗೆ ವಾಕರಿಕೆಯೇ ಬಂತು. ಸೀಮೆಎಣ್ಣೆಯ ಡಬ್ಬಿಯಲ್ಲಿ ಕೈ ಅದ್ದಬೇಕು, ಹಳೆಯ ಗ್ರೀಸು ಕೆರೆಯಬೇಕು. ಜ್ಞಾನೇಶ್ ಪಕ್ಕದಲ್ಲಿ ಕೂತು ಇದು ಇಲ್ಲಿಗೆ, ಅದು ಅಲ್ಲಿಗೆ ಎಂದು ತೋರಿಸುತ್ತಿದ್ದ, ಸ್ಪ್ಯಾನರ್ ಮಾತ್ರ ಅವಳ ಕೈಗೇ ಕೊಡುತ್ತಿದ್ದ. ಒಂದೊಂದು ಪೊಟ್ಟಣ ಬಿಚ್ಚಿದಾಗಲೂ ಅವಳು ಮೊದಲು ಪುಟ ಓದುತ್ತಿದ್ದಳು, ಆಮೇಲೆ ಬೋಲ್ಟು ಹಾಕುತ್ತಿದ್ದಳು. ಹೀಗೆ ಮೂವತ್ತನೇ ವಯಸ್ಸಿನಲ್ಲಿ ಅವಳು ಅಪ್ಪನ ಪುಸ್ತಕ ಓದಿದಳು.

'ಬ್ರೇಕು ಇದೆ ಎಂಬ ಧೈರ್ಯದಿಂದಲೇ ಮನುಷ್ಯ ವೇಗವಾಗಿ ಹೋಗುತ್ತಾನೆ. ಮನೆಯಲ್ಲಿ ಕಾಯುವವರಿದ್ದಾರೆ ಎಂಬುದೂ ಒಂದು ಬ್ರೇಕೇ.'

ಆ ಸಾಲನ್ನು ಅವಳು ಮತ್ತೆ ಮತ್ತೆ ಓದಿದಳು. ಜ್ಞಾನೇಶ್ ಚಹಾ ತಂದು ಪಕ್ಕದಲ್ಲಿಟ್ಟು ಹೋದ.

ಕೆಲಸದ ಎರಡನೇ ಭಾನುವಾರ ಇನ್ನೊಂದು ಸಂಗತಿ ಬಯಲಾಯಿತು. ಅವಳು ಓದಿದ ಯಾವ ಪುಟದಲ್ಲೂ ಹಿಮಾಲಯ ಇರಲಿಲ್ಲ. ಅಪ್ಪನ ಬೈಕು ಭದ್ರಾವತಿಯಿಂದ ಹೊರಟು ಶಿವಮೊಗ್ಗ ಹಾದು ತ್ಯಾವರೆಕೊಪ್ಪದ ಸಿಂಹಧಾಮದ ತನಕ ಹೋಗುತ್ತಿತ್ತು. ಅಲ್ಲಿ ಒಂದು ಚಹಾ ಕುಡಿದು, ದೂರದಲ್ಲಿ ಸಿಂಹ ಗರ್ಜಿಸಿದರೆ ಕೇಳಿಸಿಕೊಂಡು ವಾಪಸು ಬರುತ್ತಿತ್ತು. ಇಡೀ ಪುಸ್ತಕದ ಪ್ರಯಾಣವೇ ಅಷ್ಟು ಎಂದ ಜ್ಞಾನೇಶ್.

'ಅಪ್ಪ ದೇಶವನ್ನೆಲ್ಲ ಸುತ್ತಿದರು...'

ತನ್ನದೇ ಮಾತು ನೆನಪಾಗಿ ಸ್ಪಂದನಾಗೆ ತನ್ನ ಮೇಲೇ ಹೇಸಿಗೆಯಾಯಿತು. ಆ ವೇದಿಕೆಯ ಮೇಲೆ ಎಲ್ಲರಿಗಿಂತ ದೊಡ್ಡ ಸುಳ್ಳು ಹೇಳಿದವಳು ತಾನೇ. ಅವಳು ಅಲ್ಲೇ ಎದ್ದು ಪ್ರಸನ್ನಕುಮಾರರಿಗೆ ಫೋನ್ ಮಾಡಿ ಟೆಂಪೊ ಕಳಿಸಬೇಡಿ, ಬೈಕು ಕೊಡುವುದಿಲ್ಲ ಎಂದಳು. ಅವರು ಒಪ್ಪಿಗೆ ಪತ್ರ, ಊರಿನ ಮರ್ಯಾದೆ, ಬ್ಯಾನರು ಎಂದೆಲ್ಲ ರೇಗಾಡಿದರು. ಸ್ಮಾರಕ ಬೇಕಾದರೆ ಮೊದಲು ಪುಸ್ತಕ ಓದಿ, ಆಮೇಲೆ ನಾವಿಬ್ಬರೂ ಒಟ್ಟಿಗೆ ನಾಚಿಕೊಳ್ಳೋಣ ಎಂದು ಹೇಳಿ ಅವಳು ಫೋನ್ ಇಟ್ಟಳು.

ಜ್ಞಾನೇಶ್ ನಕ್ಕ. ಅವನು ನಕ್ಕದ್ದನ್ನು ಅವಳು ಅಂದೇ ಮೊದಲು ನೋಡಿದ್ದು. ಎಷ್ಟು ಹೊತ್ತು ನೋಡಿದಳೆಂದರೆ, ಅವಳೇ ಗಲಿಬಿಲಿಗೊಂಡು ಕಣ್ಣು ತಗ್ಗಿಸಿದಳು.

ಐದನೇ ಭಾನುವಾರ ಹಲಗೆ ಖಾಲಿಯಾಯಿತು. ಬೈಕು ಎರಡು ಗಾಲಿಯ ಮೇಲೆ ನಿಂತಿತ್ತು. ಆದರೆ ಹಿಂದೆ ಕೂರುವವರು ಕಾಲಿಡುವ ಎಡಗಡೆಯ ಫುಟ್‌ರೆಸ್ಟ್ ಮಾತ್ರ ಜೋತಾಡುತ್ತಿತ್ತು.

"ಇದರ ಬೋಲ್ಟೆಲ್ಲಿ?"

ಜ್ಞಾನೇಶ್ ಬೇರೆ ಬೋಲ್ಟು ಹಾಕಿದರಾಯಿತು ಎಂದ. ಆ ಮಾತು ಅವನ ಬಾಯಿಂದ ಬರುವಂಥದ್ದಲ್ಲ ಎಂದು ಇಷ್ಟು ದಿನದಲ್ಲಿ ಅವಳಿಗೆ ತಿಳಿದಿತ್ತು.

ಹಾಲ್... ಕುರ್ಚಿಗಳ ಕೆಳಗೆ ಉರುಳಿದ ಬೋಲ್ಟು!

"ಅವತ್ತು ನೀವು ತಂದಿದ್ದು ಅದೇ ಅಲ್ವಾ? ಎಲ್ಲಿದೆ?"

ಅವನು ಜೇಬಿಗೆ ಕೈ ಹಾಕಿದ. ಪೊಟ್ಟಣ ಅಲ್ಲೇ ಇತ್ತು. ಕೊಡಲು ಮಾತ್ರ ಅವನ ಕೈ ಮುಂದೆ ಬರಲಿಲ್ಲ.

"ಎಲ್ಲರೂ ಹೋದ್ಮೇಲೆ ಕುರ್ಚಿ ಸರಿಸಿ ಹುಡುಕಿದೆ. ಬೋಲ್ಟ್ ಸಿಕ್ತು. ಕಾಗದಾನೂ ಸಿಕ್ತು. ಆದ್ರೆ ಅದರ ಮೇಲೆ..." ಅವನು ತಡೆದ. "ನಿಮ್ಮ ಚಪ್ಪಲಿ ಗುರುತಿದೆ. ರಬ್ಬರಲ್ಲಿ ಉಜ್ಜಿದೆ, ಹೋಗ್ಲಿಲ್ಲ. ಜಾಸ್ತಿ ಉಜ್ಜಿದ್ರೆ ಸಾರ್ ಬರೆದಿದ್ದು ಅಳಿಸಿಹೋಗ್ತಿತ್ತು. ನೀವು ನೋಡ್ಬಾರ್ದು ಅಂತ ಇಟ್ಕೊಂಡೆ."

ಅವಳು ಪೊಟ್ಟಣವನ್ನು ತಾನೇ ತೆಗೆದುಕೊಂಡು ಬಿಡಿಸಿದಳು. ಅಡ್ಡಡ್ಡ ಗೆರೆಗಳ ಆ ಹೆಜ್ಜೆ ಅವಳದೇ. ಅದರ ಕೆಳಗೆ ಪುಸ್ತಕದ ಕೊನೆಯ ಪುಟವಿತ್ತು.

'ತ್ಯಾವರೆಕೊಪ್ಪದಿಂದ ಮುಂದೆ ಏಕೆ ಹೋಗುವುದಿಲ್ಲ ಎಂದು ಕೇಳುತ್ತಾರೆ. ನಾಲ್ಕು ಗಂಟೆಗೆ ಮಗಳ ಸಂಗೀತದ ಕ್ಲಾಸು ಬಿಡುತ್ತದೆ. ಅವಳು ನಡೆದೇ ಬರುತ್ತಾಳೆ, ನನ್ನ ಬೈಕು ಹತ್ತುವುದಿಲ್ಲ. ಆದರೂ ಅವಳು ಮನೆ ಸೇರುವ ತನಕ ನಾನು ಬೀದಿಯ ಮೂಲೆಯಲ್ಲಿ ಇಂಜಿನ್ ಆಫ್ ಮಾಡಿ ನಿಂತಿರುತ್ತೇನೆ. ಗಾಲಿ ನಿಂತ ಮೇಲೆ ನಾನು ಕಲಿತದ್ದೇ ಹೆಚ್ಚು.'

ಅಂಚಿನಲ್ಲಿ ಪೆನ್ಸಿಲಿನ ಸಾಲು. 'ಹಿಂದಿನ ಫುಟ್‌ರೆಸ್ಟ್, ಎಡಗಡೆ. ಇದನ್ನು ಸ್ಪಂದನಾ ಹಾಕಲಿ. ಬಂದಾಗ.'

ಸ್ಪಂದನಾ ನೆಲದ ಮೇಲೆ ಕೂತು ಅತ್ತಳು. ವರ್ಷದ ಹಿಂದೆ ಅಳದೆ ಉಳಿದದ್ದೆಲ್ಲ ಸೇರಿ ಬಂತು. ಜ್ಞಾನೇಶ್ ಒಂದು ಮೊಳ ದೂರದಲ್ಲಿ ಕೂತ. ಅವಳು ಮೂಗೊರೆಸಿಕೊಂಡ ಮೇಲೇ ಮಾತಾಡಿದ.

"ಒಂದು ಹೇಳ್ಲಾ? ಸಾರ್ ಪ್ರತಿ ಭಾನುವಾರ ನಿಮ್ಮ ಸುದ್ದಿ ಹೇಳೋರು. ನೋಡದೇನೇ ಇಷ್ಟ ಆಗಿದ್ರಿ ನೀವು. ಅವತ್ತು ಹಾಲಲ್ಲಿ ನನ್ನ ಕೈ ತಳ್ಳಿದ್ರಲ್ಲ... ನನಗೂ ಅಸಹ್ಯ ಆಗಿತ್ತು. ಇವ್ರೇನಾ ಆ ಹುಡುಗಿ ಅಂತ."

"ಈಗ?"

"ಈಗ ಭಾನುವಾರ ಮುಗಿದುಹೋಯ್ತಲ್ಲ ಅಂತ ಸಂಕಟ ಆಗ್ತಿದೆ."

ಅವಳು ಎದ್ದಳು. ಬೋಲ್ಟು ಕೂರಿಸಿ, ಸ್ಪ್ಯಾನರ್ ಹಿಡಿದು ತಿರುಗಿಸಿದಳು. ಕೊನೆಯ ಸುತ್ತಿಗೆ ಅವಳ ಬಲ ಸಾಲಲಿಲ್ಲ. ಜ್ಞಾನೇಶ್ ಸಹಾಯಕ್ಕೆಂದು ಕೈ ತಂದವನು ಏನೋ ನೆನಪಾಗಿ ಹಿಂದಕ್ಕೆಳೆದುಕೊಂಡ.

"ಕೈಯೆಲ್ಲ ಗ್ರೀಸು" ಎಂದ.

"ನಂದೂ" ಎಂದಳು ಸ್ಪಂದನಾ. ಅವನ ಕೈಯನ್ನು ತಾನೇ ಎಳೆದು ತನ್ನ ಕೈಯ ಮೇಲಿಟ್ಟುಕೊಂಡಳು. ಬೋಲ್ಟು ಬಿಗಿಯಾಯಿತು. ಕೈ ಮಾತ್ರ ಇಬ್ಬರೂ ತೆಗೆಯಲಿಲ್ಲ.

ನಾಲ್ಕನೇ ಕಿಕ್ಕಿಗೆ ಇಂಜಿನ್ ಕೆಮ್ಮಿ, ಹೊಗೆ ಉಗುಳಿ ಹೊತ್ತಿಕೊಂಡಿತು. ಆ ವಾಸನೆಗೆ ಅವಳು ಮೂಗು ಮುಚ್ಚಲಿಲ್ಲ. ಜ್ಞಾನೇಶ್ ಮುಂದೆ ಕೂತ ಮೇಲೆ ಹಿಂದಿನ ಸೀಟು ಹತ್ತಿ, ಎಡಗಾಲನ್ನು ಫುಟ್‌ರೆಸ್ಟಿನ ಮೇಲಿಟ್ಟಳು.

"ಎಲ್ಲಿಗೆ ಹೋಗೋಣ ಹೇಳಿ."

"ಹೇಳು ಅನ್ನಿ ಸಾಕು."

ಅವನು ಕನ್ನಡಿಯಲ್ಲಿ ಅವಳ ಮುಖ ನೋಡಿದ. "ಎಲ್ಲಿಗೆ ಹೋಗೋಣ ಹೇಳು, ಮಾರಾಯ್ತಿ."

"ತ್ಯಾವರೆಕೊಪ್ಪ ದಾಟಿ ಮುಂದಕ್ಕೆ" ಎಂದಳು ಅವಳು. "ನಾನೀಗ ಬೈಕ್ ಹತ್ತಿದೀನಲ್ಲ. ಅಪ್ಪ ಮೂಲೇಲಿ ಕಾಯೋದು ಬೇಡ."