ತಾಳಬೆಟ್ಟದ ಪೊದೆಯಲ್ಲಿ ಸಿಕ್ಕ ಮತಯಂತ್ರ

ಮತದಾನ ಮುಗಿದ ಮಾರನೆಯ ಬೆಳಿಗ್ಗೆ ತಾಳಬೆಟ್ಟದ ತಿರುವಿನಲ್ಲಿ, ಲಂಟಾನದ ಪೊದೆಯೊಳಗೆ, ಮತಯಂತ್ರವೊಂದು ಬಿದ್ದಿತ್ತು. ಮಾದಪ್ಪನ ಬೆಟ್ಟಕ್ಕೆ ನಡೆದು ಹೊರಟವರು ಮೊದಲು ಕಂಡರು. ಬಾಂಬೇನೋ ಎಂದು ದೂರ ನಿಂತರು. ಆಮೇಲೆ ಒಬ್ಬ ಮೊಬೈಲು ತೆಗೆದ. ಸಬ್ ಇನ್‌ಸ್ಪೆಕ್ಟರ್ ಯಶೋದ ಜೀಪಿನಿಂದ ಇಳಿಯುವಷ್ಟರಲ್ಲಿ ಆ ವಿಡಿಯೊ ಹನೂರು, ಕೊಳ್ಳೇಗಾಲ, ಯಳಂದೂರು ಮೂರನ್ನೂ ಸುತ್ತಿ ಬಂದಿತ್ತು.

ಯಂತ್ರದ ನಂಬರನ್ನು ಯಾರೋ ಉಜ್ಜಿ ಅಳಿಸಿದ್ದರು. ಹಿಡಿಗೆ ದಾರದಲ್ಲಿ ಚೀಟಿ ಕಟ್ಟಿ, ಅದರ ಮೇಲೆ ಅರಗಿನ ಮುದ್ರೆ ಒತ್ತಿತ್ತು. ಚೀಟಿಯಲ್ಲಿ ಕಾರೆದೊಡ್ಡಿ ಮತಗಟ್ಟೆಯ ಹೆಸರು. ಕೆಳಗೆ ಮತಗಟ್ಟೆ ಅಧಿಕಾರಿ ಪ್ರೇಮಾ ಅವರ ಸಹಿ.

ಯಶೋದ ಆ ಹೆಸರನ್ನು ಎರಡು ಸಲ ಓದಿದಳು. ಮಾರ್ಟಳ್ಳಿಯಾಚೆಗಿನ ಆ ದೊಡ್ಡಿಯವರು ರಸ್ತೆ ಆಗಲಿಲ್ಲವೆಂದು ಸಿಟ್ಟಾಗಿ ಹಿಂದಿನ ಎರಡು ಚುನಾವಣೆಗೆ ವೋಟೇ ಹಾಕಿರಲಿಲ್ಲ. ಈ ಸಲ ಯಳಂದೂರಿನ ಶಿಕ್ಷಕಿ ಪ್ರೇಮಾ ಮತದಾನದ ಹಿಂದಿನ ಸಂಜೆಯೇ ಅಲ್ಲಿಗೆ ಹೋಗಿ, ಮನೆಮನೆ ಜಗಲಿಯಲ್ಲಿ ಕೂತು ಮಾತಾಡಿ ಒಪ್ಪಿಸಿದ್ದರು. ಈಗ ನೋಡಿದರೆ ಅವರ ವೋಟು ಪೊದೆಯಲ್ಲಿದೆ ಎಂದು ಲೋಕವೆಲ್ಲ ಹೇಳುತ್ತಿತ್ತು.

“ಮುಟ್ಟಬೇಡ ಯಶೋದ.”

ವಕೀಲ ದೇವರಾಜ್ ಹಿಂದೆ ನಿಂತಿದ್ದ. ಕಣದಲ್ಲಿದ್ದ ಒಬ್ಬ ಅಭ್ಯರ್ಥಿಗೆ ಅವನು ಚುನಾವಣಾ ಏಜೆಂಟ್. ಅವನೂ ಯಶೋದಳೂ ಕೊಳ್ಳೇಗಾಲದ ಒಂದೇ ಬೀದಿಯವರು, ಇಬ್ಬರ ಮನೆಯಲ್ಲೂ ರೇಷ್ಮೆ ಮಗ್ಗ. ಅವಳು ಇಲಾಖೆ ಪರೀಕ್ಷೆಗೆ ಕೂತಾಗ ಕಾನೂನು ಹೇಳಿಕೊಟ್ಟವನೂ ಅವನೇ.

“ಬೇಗ ಬಂದಿದ್ದೀಯ ದೇವರಾಜಣ್ಣ.”

“ವಿಡಿಯೊ ನೋಡಿದೆ, ಬಂದೆ. ಆನ್ ಗೀನ್ ಮಾಡೋಕೆ ಹೋಗಬೇಡ ಕಣಮ್ಮ. ಸಾಕ್ಷ್ಯ ಕೆಡುತ್ತೆ. ನಿನ್ನ ಕೆಲಸಕ್ಕೂ ಕುತ್ತು.”

ಮಾತು ಕಾನೂನಿನ ಪ್ರಕಾರ ಸರಿಯಾಗಿಯೇ ಇತ್ತು. ಯಶೋದ ಯಂತ್ರವನ್ನು ಹಾಗೆಯೇ ಬಟ್ಟೆಯಲ್ಲಿ ಸುತ್ತಿಸಿದಳು.

* * *

ಕೊಳ್ಳೇಗಾಲದ ಚುನಾವಣಾ ಕಚೇರಿಯ ಮುಂದೆ ಜನ ಸೇರುತ್ತಲೇ ಇದ್ದರು. ಕೂಗಾಟವಿರಲಿಲ್ಲ. ಸುಮ್ಮನೆ ನಿಂತಿದ್ದರು. ಯಶೋದಳಿಗೆ ಅದೇ ಹೆಚ್ಚು ಭಯ ಹುಟ್ಟಿಸಿತು.

ಕಾರೆದೊಡ್ಡಿಯ ಚಿಕ್ಕನಿಂಗಮ್ಮ ಎಂಬ ಮುದುಕಿ ಗುಂಪಿನಿಂದ ಬಂದು ಅವಳ ತೋಳು ಹಿಡಿದಳು. “ನನ್ ವೋಟು ಪೊದೇಲಿ ಬಿದ್ದಿತ್ತಂತಲ್ಲವ್ವ? ಕ್ವಾಣೆ ಒಳೀಕೆ ಮಡಗಿ ಬೀಗ ಆಕ್ತೀವಿ ಅಂದಿದ್ರು ಆ ಮೇಡಮ್ಮೋರು.”

“ವಿಚಾರಿಸ್ತಿದ್ದೀವಿ ಅಜ್ಜಿ.”

“ವಿಚಾರ್ಸಿ. ನಾವು ಓಯ್ತೀವಿ.” ಬಂದ ಹಾಗೆಯೇ ಹೊರಟುಹೋದಳು.

ಒಳಗೆ ಪ್ರೇಮಾ ಬೆಂಚಿನ ತುದಿಯಲ್ಲಿ ಕೂತಿದ್ದರು. “ನನ್ನ ಕೈಯಾರೆ ಯಂತ್ರ ಒಪ್ಪಿಸಿದ್ದೀನಿ ಮೇಡಮ್. ಅದು ಭದ್ರತಾ ಕೊಠಡೀಲೇ ಇದೆ.”

“ನಿಮ್ಮ ಬಸ್ಸು ದಾರೀಲಿ ನಿಂತಿತ್ತಂತೆ?”

“ಆನೆ ಅಡ್ಡ ಬಂದಿತ್ತು. ಯಂತ್ರ ನನ್ನ ಮಡಿಲಲ್ಲೇ ಇತ್ತು.”

“ಕೊಠಡಿ ತೆರೆದು ನೋಡಬಹುದಲ್ಲ ಸರ್?” ಯಶೋದ ಚುನಾವಣಾಧಿಕಾರಿಯನ್ನು ಕೇಳಿದಳು.

ಅವರು ಹಣೆ ಒರೆಸಿಕೊಂಡರು. “ಎಣಿಕೆಗೆ ಮುಂಚೆ ತೆರೆಯೋಕೆ ಆಯೋಗದ ಅಪ್ಪಣೆ ಬೇಕು. ತೆರೆದರೆ ಒಳಗಿರೋದನ್ನ ಬದಲಾಯಿಸಿದರು ಅಂತಾರೆ. ತೆರೆಯದಿದ್ದರೆ ಬಚ್ಚಿಡ್ತಿದ್ದಾರೆ ಅಂತಾರೆ. ಅತ್ತ ದರಿ, ಇತ್ತ ಪುಲಿ.”

“ಹಾಗಾದರೆ ಸಿಕ್ಕಿರೋ ಯಂತ್ರವನ್ನಾದರೂ ಆನ್ ಮಾಡೋಣ. ಎಷ್ಟು ವೋಟಿದೆ ಅಂತ ಅದೇ ತೋರಿಸುತ್ತೆ.”

“ನನ್ನ ಆಕ್ಷೇಪ ಇದೆ,” ಎಂದ ಬಾಗಿಲ ಬಳಿ ನಿಂತಿದ್ದ ದೇವರಾಜ್. “ಜನಪ್ರತಿನಿಧಿ ಕಾಯ್ದೆ ಐವತ್ತೆಂಟನೇ ಕಲಮು ಓದಿ ಸರ್. ಮತಯಂತ್ರ ಕೈತಪ್ಪಿದರೆ ಆ ಮತಗಟ್ಟೆಯ ಮತದಾನ ರದ್ದು ಮಾಡಿ, ಹೊಸದಾಗಿ ನಡೆಸಬಹುದು. ಇವತ್ತೇ ವರದಿ ಕಳಿಸಿ.”

ಸಂಜೆಯೊಳಗೆ ಬೇರೆ ಉತ್ತರ ಸಿಗದಿದ್ದರೆ ವರದಿ ಹೋಗುವುದು, ಪ್ರೇಮಾ ಅಮಾನತಾಗಿ ಬಂಧನವಾಗುವುದು ಖಚಿತವಾಯಿತು. ಪ್ರೇಮಾ ಅಳಲೂ ಇಲ್ಲ. ತಮ್ಮ ಕೈಗಳನ್ನೇ ನೋಡುತ್ತ ಕೂತುಬಿಟ್ಟರು.

* * *

ಪ್ರೇಮಾ ಹೇಳುವುದು ನಿಜವಾದರೆ ಪೊದೆಯ ಯಂತ್ರ ಬೇರೆ. ಮತಗಟ್ಟೆಯಲ್ಲಿ ಯಂತ್ರ ಕೆಟ್ಟರೆ ಇರಲಿ ಎಂದು ಕೆಲವು ಖಾಲಿ ಯಂತ್ರಗಳನ್ನು ಸೆಕ್ಟರ್ ಅಧಿಕಾರಿ ತನ್ನ ಜೀಪಿನಲ್ಲಿ ಒಯ್ಯುತ್ತಾನೆ. ಕಾರೆದೊಡ್ಡಿ ಭಾಗದ ಸೆಕ್ಟರ್ ಅಧಿಕಾರಿ ಮಂಡ್ಯ ಕಡೆಯ ಎಂಜಿನಿಯರ್ ಮೋಹನ್. ತನ್ನವೆಲ್ಲ ಸರಿಯಾಗಿವೆ ಎಂದು ಅವನು ಬೆಳಿಗ್ಗೆಯೇ ಹೇಳಿಕೆ ಕೊಟ್ಟಿದ್ದ. ಹೇಳುವಾಗ ಮಾತ್ರ ಬೂಟು ನೋಡುತ್ತಿದ್ದ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಲ್ಲವೇ?

ಯಶೋದ ಅವನ ಜೀಪಿನ ಚಾಲಕ ಮಾದೇಶನನ್ನು ಕರೆಸಿದಳು.

“ಎಷ್ಟು ಯಂತ್ರ ವಾಪಸ್ ಬಂತು ಮಾದೇಶ್?”

“ನಂಗೇನ್ ಗೊತ್ತು ಮೇಡಮ್. ನಾ ಗಾಡಿ ಓಡ್ಸೋನು.”

“ಆ ಮೇಷ್ಟ್ರಮ್ಮನ್ನ ಜೈಲಿಗೆ ಕಳಿಸ್ತಾರೆ. ನೋಡ್ಕಂಡಿರ್ತೀಯ?”

ಮಾದೇಶ ತಲೆ ಕೆರೆದುಕೊಂಡ. “ನೆನ್ನೆ ರಾತ್ರಿ ಬರ್ವಾಗ ಕೌದಳ್ಳೀಲಿ ಟೀ ಕುಡಿಯಕೆ ನಿಲ್ಸಿದ್ವಿ. ಸಾಹೇಬ್ರೂ ಇಳಿದ್ರು, ನಾನೂ ಇಳಿದೆ. ವಾಪಸ್ ಬಂದು ನೋಡುದ್ರೆ ಒಂದು ಪೆಟ್ಟಿಗೆ ಇರ್ನಿಲ್ಲ. ಬಾಯ್ ಬುಟ್ರೆ ಇಬ್ರು ಕೆಲ್ಸಾನೂ ಓಯ್ತದೆ ಅಂದ್ರು ಸಾಹೇಬ್ರು.”

“ಟೀ ಅಂಗಡೀಲಿ ಯಾರ್ಯಾರಿದ್ರು?”

“ಬಾಳ ಜನ ಇದ್ರು. ಎಲ್ಲಾ ಪಾರ್ಟಿಯೋರೂ ಇದ್ರು. ವಕೀಲ್ರು ದೇವರಾಜಪ್ಪೋರೇ ಟೀ ಕೊಡ್ಸಿದ್ದು.”

ಮೋಹನನನ್ನು ಕರೆಸಿ ಇದನ್ನೇ ಕೇಳಿದಾಗ ಅವನು ಕುರ್ಚಿಯಲ್ಲೇ ಕುಸಿದ. “ಹೆದರಿ ಸುಳ್ಳು ಹೇಳಿದೆ ಮೇಡಮ್. ಕದ್ದಿಲ್ಲ.”

ನಂಬುವುದು ಹೇಗೆ? ಯಂತ್ರ ಅವನ ವಶದಲ್ಲಿತ್ತು. ಅವನೇ ಎಸೆದಿರಬಹುದು. ಯಶೋದ ಮತ್ತೆ ಚೀಟಿಯನ್ನು ಬೆಳಕಿಗೆ ಹಿಡಿದಳು. ಅರಗಿನ ಅಂಚಿನಲ್ಲಿ ಯಾರದೋ ಬೆರಳಚ್ಚು ಇತ್ತು, ಅದನ್ನು ತಜ್ಞರು ಆಗಲೇ ಎತ್ತಿಕೊಂಡಿದ್ದರು. ದಾರ ನಡುವೆ ಒಂದು ಕಡೆ ಹರಿದಿತ್ತು. ಹರಿದಲ್ಲಿ ಸೇರಿಸಿ ಹಾಕಿದ ಗಂಟು ಎಳ್ಳಿನಷ್ಟು ಚಿಕ್ಕದು. ಬೆರಳಾಡಿಸಿದರೂ ತೊಡರುವುದಿಲ್ಲ, ಜಗ್ಗಿದರೂ ಜಾರುವುದಿಲ್ಲ.

ಅವಳಿಗೆ ಆ ಗಂಟು ಗೊತ್ತಿತ್ತು. ಅಪ್ಪನ ಮಗ್ಗದ ಮುಂದೆ ಕೂತು ಹರಿದ ಎಳೆಗಳಿಗೆ ಅಂಥವನ್ನು ಲೆಕ್ಕವಿಲ್ಲದಷ್ಟು ಹಾಕಿದ್ದಳು. ಪ್ರೇಮಾ ಬೇಸಾಯದ ಮನೆಯವರು. ಮೋಹನನಿಗೆ ಮಗ್ಗ ಯಾವ ದಿಕ್ಕಿಗಿದೆಯೆಂದೂ ಗೊತ್ತಿಲ್ಲ. ಕೌದಳ್ಳಿಯಲ್ಲಿ ಟೀ ಕೊಡಿಸಿದವನ ಮುಖ ಕಣ್ಣ ಮುಂದೆ ಬಂತು. ದೇವರೇ, ಅವನಾಗಿರದಿರಲಿ ಎಂದುಕೊಂಡಳು.

* * *

ಸಂಜೆ ಎಲ್ಲ ಅಭ್ಯರ್ಥಿಗಳ ಏಜೆಂಟರ ಎದುರು ಮಹಜರು. ಯಂತ್ರವನ್ನು ಬಟ್ಟೆಯಲ್ಲಿ ಕಟ್ಟಿ ಮೊಹರು ಮಾಡಬೇಕು. ಯಶೋದ ದಾರವನ್ನು ದೇವರಾಜನ ಕೈಗೆ ಕೊಟ್ಟಳು.

“ಆಕ್ಷೇಪ ಎತ್ತಿದವನು ನೀನು. ನೀನೇ ಕಟ್ಟಣ್ಣ, ನಾಳೆ ಯಾರೂ ಮಾತಾಡಬಾರದು.”

ದಾರಕ್ಕೆ ಅವಳು ಮೊದಲೇ ಬ್ಲೇಡು ತಾಗಿಸಿಟ್ಟಿದ್ದಳು. ಅವನು ಜಗ್ಗಿದ. ದಾರ ಪಟ್ಟನೆ ಹರಿಯಿತು. ಚುನಾವಣಾಧಿಕಾರಿಯೊಡನೆ ಮಾತಾಡುತ್ತಲೇ ದೇವರಾಜ್ ಎರಡು ತುದಿಗಳನ್ನು ಬೆರಳ ನಡುವೆ ಹಿಡಿದ, ಎಂಜಲು ಮುಟ್ಟಿಸಿದ, ತಿರುವಿದ. ಕೈಯತ್ತ ನೋಡಲೂ ಇಲ್ಲ.

ಯಶೋದ ಅವನ ಮಣಿಕಟ್ಟು ಹಿಡಿದಳು. ಚೀಟಿಯ ದಾರವನ್ನು ಪಕ್ಕಕ್ಕಿಟ್ಟಳು. ಎರಡೂ ಗಂಟು ಒಂದೇ ಆಗಿದ್ದವು.

“ಕೊಳ್ಳೇಗಾಲದಲ್ಲಿ ಮನೆಗೊಬ್ಬರು ಈ ಗಂಟು ಹಾಕ್ತಾರೆ,” ಎಂದ ಅವನು, ನಗುತ್ತ.

“ಹೌದು. ಅವರೆಲ್ಲ ಕೌದಳ್ಳೀಲಿ ಮೋಹನನಿಗೆ ಟೀ ಕೊಡಿಸಿರಲಿಲ್ಲ. ನಿನ್ನ ಹುಡುಗರು ಜೀಪಿನಿಂದ ಪೆಟ್ಟಿಗೆ ಇಳಿಸಿದರು. ಚೀಟಿ, ದಾರ, ಅರಗು ಎಲ್ಲ ಅದರಲ್ಲೇ ಇತ್ತು. ಪ್ರೇಮಾ ಅವರ ಸಹಿ ಏಜೆಂಟರಿಗೆ ಕೊಟ್ಟ ಮತ ಲೆಕ್ಕದ ಪ್ರತಿಯಲ್ಲಿತ್ತು, ನಕಲು ಮಾಡಿದೆ. ಬಿಸಿ ಅರಗು ಅಂಚಲ್ಲಿ ಇಳಿದಾಗ ಬೆರಳಿಂದ ತಡೆದಿದ್ದೀಯ. ಅಲ್ಲಿ ಅಚ್ಚು ಉಳಿದಿದೆ. ತಜ್ಞರು ಮಧ್ಯಾಹ್ನವೇ ಎತ್ತಿದ್ದಾರೆ. ನಿನ್ನ ಬೆರಳು ಈಗ ಕೊಡು.”

ದೇವರಾಜನ ನಗು ಇಳಿಯಿತು. ಯಂತ್ರ ತೆರೆದು ನೋಡಲು ಉಳಿದ ಏಜೆಂಟರು ಒಪ್ಪಿದರು. ಎಲ್ಲರ ಮುಂದೆ ಚುನಾವಣಾಧಿಕಾರಿ ಯಂತ್ರ ಆನ್ ಮಾಡಿ, ಒಟ್ಟು ಮತದ ಗುಂಡಿ ಒತ್ತಿದರು. ಪರದೆಯ ಮೇಲೆ ಸೊನ್ನೆ ಮೂಡಿತು. ಇದು ಬೆಳಗ್ಗೆಯೇ ಕಾಣಬಾರದೆಂದು ಅವನು ಅಷ್ಟು ಆಕ್ಷೇಪ ಎತ್ತಿದ್ದ.

“ಕಾರೆದೊಡ್ಡಿಯ ವೋಟೆಲ್ಲ ನಿಮ್ಮ ಎದುರಾಳಿಗೆ ಹೋಗಿರುತ್ತೆ ಅಂತ ಮತಗಟ್ಟೇಲಿ ಕೂತ ನಿಮ್ಮ ಹುಡುಗರಿಂದ ನಿನಗೆ ಗೊತ್ತಿತ್ತು,” ಎಂದಳು ಯಶೋದ. “ಮರುಮತದಾನ ಅಂದರೆ ಆ ಜನ ಮತ್ತೆ ಬರಲ್ಲ ಅನ್ನೋದೂ ಗೊತ್ತಿತ್ತು. ಚುನಾವಣೆ ಕಾಪಾಡೋಕೆ ಇರೋ ಕಲಮನ್ನೇ ಹಿಡಿದು ಅವರ ವೋಟು ಅಳಿಸೋಕೆ ಹೊರಟೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.”

“ವೋಟಿರೋ ಯಂತ್ರ ನಾನು ಮುಟ್ಟಿಲ್ಲ ಕಣಮ್ಮ,” ಅವನು ಮೆಲ್ಲಗೆ ಹೇಳಿದ. “ಕಳ್ಳತನ, ಫೋರ್ಜರಿ, ಹಾಕ್ಕೋ. ಅದರಾಚೆ ಯಾವ ಕಲಮು ಹಾಕ್ತೀಯ? ನಾನೇ ಹೇಳಿಕೊಟ್ಟಿದ್ದೀನಲ್ಲ.”

ಅವಳು ಬೇಡಿ ಹಾಕಿಸಿದಳು. ಗುರುವಿಗೆ ಬೇಡಿ ಹಾಕಿಸುವ ಸಂಕಟ ಶತ್ರುವಿಗೂ ಬೇಡ.

* * *

ಮರುದಿನ ಯಶೋದ ಪ್ರೇಮಾರನ್ನು ಜೀಪಿನಲ್ಲಿ ಕೂರಿಸಿಕೊಂಡು ಕಾರೆದೊಡ್ಡಿಗೆ ಹೋದಳು. ಸುದ್ದಿಯನ್ನು ಎದುರಿಗೇ ಹೇಳಬೇಕಿತ್ತು. ಮೊಬೈಲಿನಲ್ಲಿ ಬಂದದ್ದನ್ನು ಮೊಬೈಲಿನಲ್ಲೇ ತೊಳೆಯಲಾಗುವುದಿಲ್ಲ.

ಚಿಕ್ಕನಿಂಗಮ್ಮ ಬಾಗಿಲಲ್ಲಿ ಕೂತು ಎಲ್ಲ ಕೇಳಿದಳು. “ಅಂಗಾರೆ ನನ್ ವೋಟು ಕ್ವಾಣೆ ಒಳೀಕೇ ಅದೆ ಅನ್ನಿ.”

“ಅಲ್ಲೇ ಇದೆ ಅಜ್ಜಿ,” ಎಂದರು ಪ್ರೇಮಾ.

ಮುದುಕಿ ಸೆರಗಿನೊಳಗಿಂದ ಎಡಗೈ ತೆಗೆದಳು. ತೋರುಬೆರಳು ಸುಲಿದು ಕೆಂಪಾಗಿತ್ತು. ಉಗುರಿನ ಬುಡದಲ್ಲಿ ಶಾಯಿ ಮಾತ್ರ ಹಾಗೆಯೇ ಇತ್ತು.

“ಪೊದೇಲ್ ಬಿದ್ದ ವೋಟ್ಗೆ ಗುರ್ತ್ಯಾಕೆ ಅಂತ ಕಲ್ಲಲ್ಲಿ ಉಜ್ದೆ ಕಣವ್ವ. ಓಗ್ಲಿಲ್ಲ.”

ಪ್ರೇಮಾ ಆ ಕೈಯನ್ನು ಹಿಡಿದುಕೊಂಡರು. ಆಗ ಮೊದಲ ಸಲ ಅವರ ಕಣ್ಣಲ್ಲಿ ನೀರು ಬಂತು. ಯಶೋದ ತಲೆಯೆತ್ತಿ ಬೀದಿ ನೋಡಿದಳು. ಉಳಿದ ಮನೆಗಳ ಹೆಂಗಸರೂ ಬಾಗಿಲಿಗೆ ಬಂದು ನಿಂತಿದ್ದರು. ಅವರಲ್ಲಿ ಹೆಚ್ಚಿನವರ ಬೆರಳಿಗೆ ಬಟ್ಟೆ ಸುತ್ತಿತ್ತು.