ಎಡ ಮೊಣಕಾಲಿನ ಕೀಲು

ಆ ಕಾಮೆಂಟನ್ನು ವಾಣಿಶ್ರೀ ಸಿಟ್ಟಿನಿಂದ ಬರೆದದ್ದಲ್ಲ. ನೋಡಿ ಸುಮ್ಮನಿರಲು ಆಗಲಿಲ್ಲ, ಅಷ್ಟೇ.

"ರೋಬೋದ ಭುಜ ಬಿರುಕು ಬಿಟ್ಟೈತಿ. ನೀವು ಅದನ್ನ ಬೆರಳಿಂದ ಮುಚ್ಚಿ ಹಿಡದು, ಹತ್ತಕ್ಕ ಒಂಬತ್ತು ಮಾರ್ಕ್ಸ್ ಕೊಟ್ಟೀರಿ."

ಜಪಾನಿ ಕಾರ್ಟೂನಿನ ರೋಬೋ ಅದು. ನೂರಾರು ಪ್ಲಾಸ್ಟಿಕ್ ತುಂಡುಗಳನ್ನು ಕತ್ತರಿಸಿ, ಉಜ್ಜಿ, ಒಂದಕ್ಕೊಂದು ಕೂಡಿಸಿದರೆ ಗೇಣುದ್ದದ ಯೋಧ ಎದ್ದು ನಿಲ್ಲುತ್ತಾನೆ. ಅಂಥ ಕಿಟ್‌ಗಳನ್ನು ಕಟ್ಟಿ, ಯಾವುದು ಛಲೋ, ಯಾವುದು ದಂಡ ಎಂದು ಕನ್ನಡದಲ್ಲಿ ಹೇಳುವ ಯೂಟ್ಯೂಬ್ ಚಾನೆಲ್ ಕುಷ್ಟಗಿಯ ಪ್ರಭುರಾಜನದು. ತಾಲ್ಲೂಕು ಕಚೇರಿಯಲ್ಲಿ ಸರ್ವೇಯರ್ ಕೆಲಸ, ಮಿಕ್ಕ ಹೊತ್ತೆಲ್ಲ ರೋಬೋ. ನೋಡುವವರು ಇದ್ದರೆ ನಾಲ್ಕುನೂರು ಮಂದಿ.

ಹತ್ತು ನಿಮಿಷದಲ್ಲಿ ಉತ್ತರ ಬಂತು. "ನೀವು ಎಷ್ಟು ಕಿಟ್ ಕಟ್ಟೀರಿ ಮೇಡಂ?"

"ಒಂದೂ ಇಲ್ಲ. ಗಂಗಾವತಿಯಾಗ ಹಲ್ಲಿನ ಸೆಟ್ ಮಾಡೋ ಲ್ಯಾಬಿನಾಗ ಕೆಲಸ ಮಾಡ್ತೀನಿ. ಪ್ಲಾಸ್ಟಿಕ್ಕಿಗೆ ನೋವಾದ್ರ ಎಲ್ಲಿ ಬೆಳ್ಳಗಾಗ್ತೈತಿ ಅಂತ ನನಗ ಗೊತ್ತೈತಿ."

ಈ ಸಲ ಉತ್ತರಕ್ಕೆ ಎರಡು ದಿನ ಹಿಡಿಯಿತು. "ಖರೇ ಐತ್ರಿ. ನಾನ ಮುರದಿದ್ದೆ. ಮುಂದಿನ ಕಿಟ್ ನೀವ ಜೊತೀಗೆ ಕುಂತು ಕಟ್ಟಿಸ್ತೀರೇನು?"

ಲ್ಯಾಬಿನ ಒಡತಿ ಖೈರುನಬಿ ಆಪಾಗೆ ಹೇಳಿದಾಗ ಅವರು ಕನ್ನಡಕದ ಮೇಲಿಂದ ನೋಡಿದರು. "ಐತ್ವಾರ ಬರಲಿ. ಬಾಗಿಲಾ ತೆರದಿರಬೇಕು. ನಾ ಇಲ್ಲೇ ಕುಂದ್ರತೀನಿ."

ಭಾನುವಾರ ಹನ್ನೊಂದಕ್ಕೆ ಪ್ರಭುರಾಜ ಬಂದ. ವಿಡಿಯೋದಲ್ಲಿ ಬರೀ ಕೈಗಳನ್ನು ಕಂಡಿದ್ದ ಅವಳಿಗೆ ಮುಖ ಹೊಸದು. ಬಿಸಿಲಲ್ಲಿ ಹೊಲ ಅಳೆದು ಕಪ್ಪಾದ ಮುಖ, ನಗುವ ಮೊದಲೇ ನಾಚುವ ಕಣ್ಣು. ಒಂದು ಕೈಯಲ್ಲಿ ಕಿಟ್ಟಿನ ಪೆಟ್ಟಿಗೆ, ಇನ್ನೊಂದರಲ್ಲಿ ಬಿಸಿ ಬಿಸಿ ಒಗ್ಗರಣಿ ಮಿರ್ಚಿ.

"ಮೊದಲ ತಿನ್ನೂಣೋ, ಮೊದಲ ಕಟ್ಟೂಣೋ?" ಅಂದ.

"ಎಣ್ಣಿ ಕೈಲೆ ಮುಟ್ಟಿದ್ರ ಮಾರ್ಕ್ಸ್ ಕಟ್," ಅಂದಳು.

ಅವನು ತುಂಡುಗಳನ್ನು ಚೌಕಟ್ಟಿನಿಂದ ಕತ್ತರಿಸಿ ಕೊಟ್ಟ. ಅವಳು ಕತ್ತರಿಸಿದ ಗುರುತು ಕಾಣದಂತೆ ಉಜ್ಜಿದಳು. ಒಂದೊಂದು ತುಂಡು ಕೈ ಬದಲಾದಾಗಲೂ ಬೆರಳು ತಾಗುತ್ತಿತ್ತು. ತಾಗಿದ್ದು ಗೊತ್ತಾಗಲಿಲ್ಲವೆಂಬಂತೆ ಇಬ್ಬರೂ ಕಿಟ್ಟಿನ ಪುಸ್ತಕದ ಒಂದೇ ಚಿತ್ರವನ್ನು ದಿಟ್ಟಿಸುತ್ತಿದ್ದರು.

"ಇಷ್ಟೊತ್ತು ನೋಡಾಕ ಆ ಪುಟದಾಗ ಏನೈತಿ?" ಅಂದರು ಆಪಾ ಮೂಲೆಯಿಂದ.

"ಮುಂಗೈ ಐತ್ರಿ ಆಪಾ," ಅಂದ ಪ್ರಭುರಾಜ. ವಾಣಿಶ್ರೀಗೆ ಕೆಮ್ಮು ಬಂತು.

ಆಮೇಲೆ ವಾರಗಳು ಉದ್ದವಾದವು. ಸೋಮವಾರ ಉಜ್ಜಿದ ಹಲ್ಲನ್ನೇ ಮಂಗಳವಾರವೂ ಉಜ್ಜಿದಳು. ನೀರು ಕುಡಿಯಲೆಂದು ಎದ್ದವಳು ಕಿಟಕಿಯ ಬಳಿ ನಿಂತು, ಯಾಕೆ ಎದ್ದೆನೆಂಬುದನ್ನು ಮರೆತಳು. ಕುಷ್ಟಗಿಯಿಂದ ಬರುವ ಬಸ್ಸುಗಳ ಹೊತ್ತು ಅವಳಿಗೆ ತಾನಾಗೇ ಬಾಯಿಪಾಠವಾಗಿತ್ತು. ಮನೆಯಲ್ಲಿ ಅಪ್ಪ ಕೊಟ್ರಪ್ಪ, "ಏನವಾ, ಕುಂತಲ್ಲಿ ಕುಂದ್ರವಲ್ಲಿ," ಅಂದರೆ, "ಶಕಿ ಭಾಳ ಐತಿ," ಅಂದಳು. ಅದು ಡಿಸೆಂಬರ್ ತಿಂಗಳು.

ಮೂರನೇ ಭಾನುವಾರ ಉಳಿದದ್ದು ಎಡಗಾಲು ಮಾತ್ರ. ಮೊಣಕಾಲಿನ ಗೂಟ ಸ್ವಲ್ಪ ಬಿಗಿ ಇತ್ತು. ನಾಲ್ಕು ಸಲ ಎಮರಿ ಕಾಗದದಿಂದ ಉಜ್ಜಿದರೆ ಸಾಕು. ಅವಳು ಉಜ್ಜಲು ಶುರುಮಾಡಿದಾಗಲೇ ಅವನು ಹೇಳಿದ, ಕಣ್ಣೆತ್ತದೆ.

"ಗುರುವಾರ ಮಂಗಳೂರಿಗೆ ಹೊಂಟೀನ್ರಿ."

"ಸಮುದ್ರ ನೋಡಾಕ?"

"ಆ ಮಂಗಳೂರಲ್ರಿ, ನಮ್ಮ ಯಲಬುರ್ಗಾ ಕಡೀದು. ಹೆಣ್ಣ ನೋಡಾಕ. ಅವ್ವ ಭಾಳ ಹಟ ಹಿಡದಾಳ."

"ಛಲೋ ಆತಲ್ರಿ," ಅಂದಳು. ಕೈ ಮಾತ್ರ ನಿಲ್ಲಲಿಲ್ಲ. ಕೆಳಗೆ ನೋಡಿದಾಗ ಎಮರಿ ಕಾಗದದ ಮೇಲೆ ಬೂದು ಪುಡಿ ಗುಡ್ಡೆಯಾಗಿತ್ತು. ಗೂಟ ತೂತಿನಲ್ಲಿ ಗಡಗಡ ಅಂದಿತು. ರೋಬೋ ಎರಡು ಕಾಲ ಮೇಲೆ ನಿಂತಿತು. ಒಂದು ಕಾಲೆತ್ತಿಸಿದರೆ ಎಡಕ್ಕೆ ಕುಸಿಯಿತು.

ಪ್ರಭುರಾಜ ರೋಬೋವನ್ನು ಅರಿವೆಯಲ್ಲಿ ಸುತ್ತಿಕೊಂಡು ಹೋದ.

ಬುಧವಾರ ವಿಡಿಯೋ ಬಂತು. ಬಣ್ಣಕ್ಕೆ ಇಷ್ಟು, ತುಂಡುಗಳ ಹೊಂದಿಕೆಗೆ ಇಷ್ಟು ಎಂದು ಅವನ ದನಿ ಹೇಳುತ್ತಾ ಹೋಗಿ ಮೊಣಕಾಲಿಗೆ ಬಂತು. "ಎಡ ಮೊಣಕಾಲು ಸಡಲ ಐತ್ರಿ. ಕಿಟ್ಟಿಂದ ಹಂಗ ಬಂದೈತಿ. ಅದಕ್ಕ ಎರಡು ಮಾರ್ಕ್ಸ್ ಕಡಿಮಿ."

ಫೋನ್ ಮಗುಚಿ ಇಟ್ಟಳು. ಮತ್ತೆ ಎತ್ತಿದಳು. "ಸುಳ್ಳು ಹೇಳೀರಿ," ಎಂದು ಕಳಿಸಿದಳು. ಅವನ ಕರೆ ಮೂರು ಸಲ ಬಂತು, ಎತ್ತಲಿಲ್ಲ. ಗುರುವಾರವಿಡೀ ಮಂಗಳೂರಿನ ಯಾವುದೋ ಪಡಸಾಲೆಯಲ್ಲಿ ಯಾರೋ ಚಹಾದ ತಟ್ಟೆ ಹಿಡಿದು ಬರುವುದೇ ಕಣ್ಣಿಗೆ ಕಟ್ಟುತ್ತಿತ್ತು.

ಭಾನುವಾರ ಅವನು ಹೇಳದೆಯೇ ಬಂದ. ರೋಬೋ ಮೇಜಿನ ಮೇಲಿಟ್ಟು ನಿಂತೇ ಇದ್ದ.

"ನಿಮ್ಮ ಹೆಸರ ಕೆಡಬಾರದಂತ ಹಂಗಂದೆ," ಅಂದ.

"ನಾ ಕೇಳಿದ್ನೇನು?" ಅಂದಳು. "ನಮ್ಮಕ್ಕ ದೀಪಿಕಾನ ಮದುವಿಯಾಗ ಹಿಂಗ ಆತು. ಹುಡುಗ ನೌಕರಿ ಕಳಕೊಂಡು ಎರಡು ವರ್ಷ ಆಗಿತ್ತು. ಆಕಿ ಮನಸ ನೋಯಬಾರದಂತ ಮುಚ್ಚಿಟ್ವಿ ಅಂದ್ರು ಗಂಡಿನ ಮನಿಯವರು. ಆಕಿ ಇವತ್ತಿಗೂ ಅಂವ ಏನ ಹೇಳಿದ್ರೂ ಎರಡು ಸಲ ಕೇಳತಾಳ. ಇವತ್ತು ನನ್ನ ಸಲುವಾಗಿ ಸುಳ್ಳು ಹೇಳಾವ್ರು, ನಾಳೆ ನನಗ ಹೇಳೂದಿಲ್ಲೇನು?"

ಮೂಲೆಯಲ್ಲಿ ಆಪಾ ಹಲ್ಲಿನ ಸೆಟ್ ಉಜ್ಜುವ ಮೋಟರ್ ನಿಲ್ಲಿಸಿದರು.

"ತಪ್ಪಾತು," ಅಂದ. ಜೇಬಿನಿಂದ ಫೋನ್ ತೆಗೆದು ಡಬ್ಬಿಗೆ ಆನಿಸಿ ಕ್ಯಾಮೆರಾ ಶುರುಮಾಡಿದ. "ನಮಸ್ಕಾರ್ರಿ. ಹೋದ ವಿಡಿಯೋದಾಗ ಒಂದು ಸುಳ್ಳು ಹೇಳೀನಿ. ಕಿಟ್ ಛಲೋ ಐತಿ, ಮೊಣಕಾಲು ಕೆಡಿಸಿದವರು ನಾವ. ಜಾಸ್ತಿ ಉಜ್ಜಿದ್ವಿ." ಆಮೇಲೆ ಅವಳತ್ತ ತಿರುಗಿದ. "ಯಾಕ ಜಾಸ್ತಿ ಆತು ಅನ್ನೂದು ನನಗ ಗೊತ್ತಿಲ್ಲ. ಹಲ್ಲು ಕೂದಲಷ್ಟು ಹೆಚ್ಚಾದ್ರೂ ಹಿಡಿಯೋ ಕೈ ನಿಮ್ದು. ಖರೇ ಕಾರಣ ನೀವ ಹೇಳ್ರಿ."

ಕ್ಯಾಮೆರಾದ ಕೆಂಪು ಚುಕ್ಕಿ ಮಿನುಗುತ್ತಿತ್ತು. ವಾಣಿಶ್ರೀಗೆ ಎದ್ದು ಹೋಗಬೇಕೆನಿಸಿತು. ಕುರ್ಚಿಯನ್ನು ಹಿಂದೆ ಸರಿಸಿಯೂ ಆಗಿತ್ತು. ಈಗಷ್ಟೇ ತನ್ನ ಬಾಯಿಂದ ಬಂದ ಮಾತುಗಳು ನೆನಪಾಗಿ ಮತ್ತೆ ಕುಳಿತಳು.

"ಹೆಣ್ಣ ನೋಡಾಕ ಹೊಂಟೀನಿ ಅಂದ್ರಿ," ಅಂದಳು. "ಆಮ್ಯಾಲ ನಾ ಎಷ್ಟು ಉಜ್ಜಿದೆ ಅನ್ನೂದು ನನಗೂ ಗೊತ್ತಾಗಲಿಲ್ಲ."

ಪ್ರಭುರಾಜ ಕೈಚಾಚಿ ಕ್ಯಾಮೆರಾ ಆರಿಸಿದ.

"ಯಾಕ? ಮತ್ತ ಮುಚ್ಚಿಡ್ತೀರಿ?"

"ಮೊಣಕಾಲಿಂದು ಹಾಕ್ತೀನ್ರಿ. ಈ ಮಾತು ಊರಿಗೆ ಹಾಕೂದಲ್ಲ. ಇದು ನಂದು." ಹೇಳುವಾಗ ಅವನ ಕಿವಿ ಕೆಂಪೇರಿತ್ತು. "ಅವತ್ತು ನೀವು 'ಹೋಗಬ್ಯಾಡ್ರಿ' ಅಂತೀರೇನೋ ಅಂತ ಕಾದೆ. ಛಲೋ ಆತು ಅಂದ್ರಿ. ಹೋಗಿ ಬಂದೆ. ಅವರು ಒಪ್ಯಾರ. ನಾಳೆ ಹೇಳಿ ಕಳಸಬೇಕು."

"ನೀವೇನಂದ್ರಿ?"

"ಆ ಹುಡುಗಿ ಮುಖ ಹೆಂಗಿತ್ತು ಅಂತ ಅವ್ವ ಕೇಳಿದ್ಲು. ನನಗ ನೆನಪಿಲ್ಲ."

ಅಲ್ಲೇ ನಿಂತು ಯಲಬುರ್ಗಾದಲ್ಲಿದ್ದ ತಾಯಿಗೆ ಫೋನ್ ಹಚ್ಚಿದ. ಆ ಕಡೆಯಿಂದ ಪಾರ್ವತೆಮ್ಮನ ದನಿ ಸ್ಪೀಕರ್ ಹಾಕದೆಯೂ ಕೇಳಿತು.

"ಅವ್ವಾ, ಮಂಗಳೂರಿನವರಿಗೆ ಬ್ಯಾಡ ಅಂತ ಹೇಳಬೇಕು. ನಾನ ಹೋಗಿ ಹೇಳ್ತೀನಿ. ಆಕೀದೇನೂ ತಪ್ಪಿಲ್ಲ. ನನ್ನ ಮನಸ ಬ್ಯಾರೆ ಕಡೆ ಐತಿ."

"ಎಲ್ಲಿ ಐತೋ?"

ಅವನು ಫೋನನ್ನು ವಾಣಿಶ್ರೀಯತ್ತ ಚಾಚಿದ. ಬೆರಳಿಗೆ ಬೆರಳು ತಾಗಿತು. ಈ ಸಲ ಇಬ್ಬರೂ ಬೇರೆಲ್ಲೂ ನೋಡಲಿಲ್ಲ.

"ಅವ್ವಾರ, ನಾ ವಾಣಿಶ್ರೀ ಅಂತ್ರಿ. ಗಂಗಾವತಿ. ಗಂಜ್ ಮಾರ್ಕೆಟಿನ್ಯಾಗ ಅಂಗಡಿ ಐತಲ್ರಿ, ಕೊಟ್ರಪ್ಪ, ಅವರ ಮಗಳು."

ಪಾರ್ವತೆಮ್ಮ ನೇರ ವಿಷಯಕ್ಕೆ ಬಂದರು.

"ಅಂವಗ ಗೊಂಬಿ ಹುಚ್ಚು ಐತಿ. ಗೊತ್ತೈತೇನು ತಂಗಿ?"

"ಗೊತ್ತೈತ್ರಿ."

"ಗೊತ್ತಿದ್ದೂ ಹೂಂ ಅಂತೀ ಅಂದ್ರ ನಿನಗೂ ಐತಿ." ಅವರು ನಿಟ್ಟುಸಿರಿಟ್ಟರು. "ಸಿಟ್ಟು ಬಂದೈತಿ ನನಗ. ಆದ್ರೂ ಮುಂದಿನ ಐತ್ವಾರ ಬಂದು ನಿಮ್ಮಪ್ಪನ ಕೂಡ ಮಾತಾಡ್ತೀನಿ. ಮನಿ ಎಲ್ಲಿ ಬರ್ತೈತಿ, ಸರಿಯಾಗಿ ಹೇಳು."

ವಾಣಿಶ್ರೀ ಕಣ್ಣೊರೆಸಿಕೊಂಡು ಹೇಳತೊಡಗಿದಳು. ಬಸ್‌ಸ್ಟ್ಯಾಂಡ್ ಇಳಿದು ಎಡಕ್ಕೆ, ಹಿಟ್ಟಿನ ಗಿರಣಿ ದಾಟಿದ ಮೇಲೆ ಎರಡನೇ ಓಣಿ, ಹಸಿರು ಬಾಗಿಲು. ಆ ಮನೆಗೆ ಪ್ರಭುರಾಜನೂ ಎಂದೂ ಹೋಗಿರಲಿಲ್ಲ. ಅವನು ಪಕ್ಕದಲ್ಲಿ ಕುಳಿತು, ಪೆನ್ನು ತೆಗೆದು, ಅವಳು ಹೇಳಿದ ಒಂದೊಂದು ತಿರುವನ್ನೂ ಅಂಗೈ ಮೇಲೆ ಬರೆದುಕೊಳ್ಳುತ್ತಿದ್ದ.